ಚದರಡಿ ದರದಲ್ಲಿ ಸೇರದ ಖರ್ಚು: ಮುಳಶಿಯಲ್ಲಿ ಮನೆ, ಜೊತೆಗೆ ವರ್ಕ್‌ಶಾಪ್ ಗ್ಯಾರೇಜು

ಪುಣೆಯ ಸುತ್ತ ಯಾವ ಗುತ್ತಿಗೆದಾರರನ್ನು ಕೇಳಿದರೂ ಮೊದಲು ಬರುವ ಮಾತು ಚದರಡಿ ದರ. ಆ ದರ ಸುಳ್ಳಲ್ಲ. ಆದರೆ ಅದು ಹೇಳುವುದು ಪ್ಲಿಂಥ್ (ನೆಲದಿಂದ ಎತ್ತರಿಸಿದ ಪೀಠ) ಮೇಲಿನ ಮನೆಯ ಲೆಕ್ಕ ಮಾತ್ರ. ನೆಲದಡಿ ಏನಿದೆ, ರಸ್ತೆಯಿಂದ ಪ್ಲಾಟಿನವರೆಗೆ ಏನಿಲ್ಲ ಎಂಬುದರ ಲೆಕ್ಕ ಅದರಲ್ಲಿ ಇರುವುದಿಲ್ಲ. ಹಳ್ಳಿ ಕಡೆ ಕಟ್ಟುವಾಗ ಬಜೆಟ್ ಹರಿಯುವುದು ಈ ಎರಡು ಕಡೆಯೇ. ಅದರ ಜೊತೆಗೆ ವರ್ಕ್‌ಶಾಪ್ ಸೇರಿದರೆ ಎರಡೂ ಖರ್ಚು ಹಿಗ್ಗುತ್ತವೆ. ಏಕೆಂದರೆ ಭಾರ ಹೊರುವ ನೆಲ, ಎತ್ತರದ ಗೋಡೆ, ತ್ರೀ ಫೇಸ್ ಕರೆಂಟು, ಲಾರಿ ಬರುವ ದಾರಿ ಇವೆಲ್ಲ ಬೇಕಾಗುವುದು ಮನೆಗಲ್ಲ, ಗ್ಯಾರೇಜಿಗೆ.

ಭೋಸರಿ, ಚಿಂಚವಡ, ಚಾಕಣದ ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರಲ್ಲಿ ಈ ಆಸೆ ಇರುವವರು ಬಹಳ: ಊರಾಚೆ ಒಂದು ಮನೆ, ಅದರ ಪಕ್ಕ ಲೇಥು, ಡ್ರಿಲ್ಲು, ವೆಲ್ಡಿಂಗ್ ಇಟ್ಟುಕೊಳ್ಳಲು ಜಾಗ. ನಾವು ಕಟ್ಟಿಸಿದ್ದು ಮುಳಶಿ ತಾಲೂಕಿನಲ್ಲಿ, ಪೌಡ್ ದಾಟಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ. ಎನ್‌ಎ (ಕೃಷಿಯೇತರ) ಆದ 11 ಗುಂಠೆ ಪ್ಲಾಟು, 1,200 ಚದರಡಿ ಮನೆ, 30 ಅಡಿಗೆ 20 ಅಡಿ ಗ್ಯಾರೇಜು. ಗ್ಯಾರೇಜಿನಲ್ಲಿ ಎರಡು ಕಂಬದ ಕಾರ್ ಲಿಫ್ಟು, ಸಣ್ಣ ಲೇಥು, ಪಿಲ್ಲರ್ ಡ್ರಿಲ್ಲು, ಕಂಪ್ರೆಸರು, ವೆಲ್ಡಿಂಗ್ ಮಷೀನು. ಕೆಳಗಿನ ಅಳತೆಗಳೆಲ್ಲ ಇದೇ ಗಾತ್ರದ ಕೆಲಸಕ್ಕೆ ಸಂಬಂಧಿಸಿದವು.

ಕಾಗದದ ಖರ್ಚು

ಸಾತ್‌ಬಾರಾ ಉತಾರೆಯಲ್ಲಿ (ಪಹಣಿ) ಹೆಸರು ಏರಿದ ಮಾತ್ರಕ್ಕೆ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಗೊತ್ತಾಗುವುದಿಲ್ಲ. ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯಲ್ಲಿ ಹಣ ಕಟ್ಟಿ ಹದ್ದು ಕಾಯಂ ಮೋಜಣಿ (ಗಡಿ ಗುರುತಿಸುವ ಸರ್ವೆ) ಮಾಡಿಸಬೇಕು. ಸಾಧಾರಣ ಮೋಜಣಿಗೆ ಒಂದು ಶುಲ್ಕ, ಬೇಗ ಮಾಡಿಸುವುದಕ್ಕೆ ಬೇರೆ ಶುಲ್ಕ ಇರುತ್ತದೆ. ಅವಸರ ಇದ್ದಷ್ಟೂ ದುಬಾರಿ. ಇದನ್ನು ಬೇಲಿ ಹಾಕುವ ಮೊದಲೇ ಮಾಡಿಸಬೇಕು. ಪಕ್ಕದ ಹೊಲದವರ ಎದುರಿಗೇ ಕಲ್ಲು ನೆಟ್ಟರೆ ಮುಂದೆ ತಕರಾರು ಕಡಿಮೆ. ರಸ್ತೆ ವಿಷಯವೂ ಅಷ್ಟೇ. ಕಣ್ಣಿಗೆ ಕಾಣುವ ಗಾಡಿ ದಾರಿ ನಕ್ಷೆಯಲ್ಲಿ ಇದೆಯೇ, ಅಥವಾ ಇನ್ನೊಬ್ಬರ ಹೊಲದ ಬದುವಿನ ಮೇಲೆ ಹೋಗುತ್ತಿದೆಯೇ ನೋಡಿ. ದಾರಿ ಇಲ್ಲದಿದ್ದರೆ ಮಹಾರಾಷ್ಟ್ರ ಜಮೀನು ಮಹಸೂಲ್ ಸಂಹಿತೆಯ (ಭೂಕಂದಾಯ ಕಾಯ್ದೆ) 143ನೇ ಕಲಮಿನಡಿ ತಹಶೀಲ್ದಾರರಲ್ಲಿ ಅರ್ಜಿ ಹಾಕಲು ಅವಕಾಶವಿದೆ. ಆದರೆ ಅದು ಹೊಲಕ್ಕೆ ಹೋಗಿಬರಲು ಸಿಗುವ ದಾರಿ. ಖಡಿ (ಜಲ್ಲಿ) ತುಂಬಿದ ಹೈವಾ ಲಾರಿ ಹೋಗುವಷ್ಟು ಅಗಲ ಅದರಲ್ಲಿ ಸಿಗುತ್ತದೆಂದು ನಂಬಿ ಜಾಗ ಕೊಳ್ಳಬಾರದು.

ಗ್ರಾಮ ಪಂಚಾಯತಿ ಕಾಗದ ಸಾಕು ಎಂದು ಹೇಳುವವರು ಎಲ್ಲ ಹಳ್ಳಿಯಲ್ಲೂ ಸಿಗುತ್ತಾರೆ. ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿಯ ಹಳ್ಳಿಗಳಲ್ಲಿ ನಕ್ಷೆ ಮಂಜೂರಾಗುವುದು ಪಿಎಂಆರ್‌ಡಿಎ ಕಡೆಯಿಂದ, 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ನಿಯಮಾವಳಿಯ ಪ್ರಕಾರ. ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಡೆವಲಪ್‌ಮೆಂಟ್ ಚಾರ್ಜು, ಆರ್ಕಿಟೆಕ್ಟ್ ಫೀ, ಸ್ಟ್ರಕ್ಚರಲ್ ಎಂಜಿನಿಯರ್ ಫೀ ಇವೆಲ್ಲ ಬೇರೆ ಬೇರೆ. ಕಟ್ಟಡ ಕಾರ್ಮಿಕರ ಸೆಸ್ ನಿರ್ಮಾಣ ವೆಚ್ಚದ 1%. ಸ್ವಂತ ವಾಸದ ಮನೆಯ ವೆಚ್ಚ ಒಂದು ಮಿತಿಯ ಒಳಗಿದ್ದರೆ ಅದು ಬೀಳುವುದಿಲ್ಲ; ಆ ಮಿತಿ ಮೊದಲು 10 ಲಕ್ಷ ಇತ್ತು, 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ 50 ಲಕ್ಷ ಆಯಿತು. ಹಣ ಉಳಿಸುವ ಇನ್ನೊಂದು ದಾರಿ ಇದೆ: ಒಂಟಿ ಮನೆಯ ಬರೀ ಮಜೂರಿ ಗುತ್ತಿಗೆಗೆ ಜಿಎಸ್‌ಟಿ ಇಲ್ಲ. ಸಾಮಾನು ಸಮೇತ ಗುತ್ತಿಗೆ ಕೊಟ್ಟರೆ ಪೂರ್ತಿ ಬಿಲ್ಲಿನ ಮೇಲೆ ತೆರಿಗೆ ಬೀಳುತ್ತದೆ. ಸಿಮೆಂಟು, ಸ್ಟೀಲು ನೀವೇ ತಂದು ಕೂಲಿ ಮಾತ್ರ ಗುತ್ತಿಗೆ ಕೊಟ್ಟರೆ ಈ ಹಣ ಉಳಿಯುತ್ತದೆ. ಆದರೆ ಸಾಮಾನಿನ ಲೆಕ್ಕ, ಕಾವಲು, ಉಳಿದ ಸಿಮೆಂಟಿನ ಚಿಂತೆ ನಿಮ್ಮ ತಲೆಗೆ.

ನಕ್ಷೆಯಲ್ಲಿ ಗ್ಯಾರೇಜನ್ನು ಇದ್ದದ್ದು ಇದ್ದಂತೆ ತೋರಿಸಿ. ಸ್ವಂತ ಗಾಡಿ, ಸ್ವಂತ ಹವ್ಯಾಸದ ಕೆಲಸವಾದರೆ ಅದು ಮನೆಯ ಭಾಗ. ಹೊರಗಿನವರ ಜಾಬ್ ತೆಗೆದುಕೊಂಡು ದುಡ್ಡು ಮಾಡುವುದಾದರೆ ಪರವಾನಗಿಯೂ ಬೇರೆ, ಕರೆಂಟಿನ ದರವೂ ಬೇರೆ.

ನೆಲದಡಿಯ ಲೆಕ್ಕ

ಕೊಟೇಶನ್ನಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತವೆ: ಪಾಯ 5 ಅಡಿವರೆಗೆ, ಗಟ್ಟಿ ಕಲ್ಲು ಬಂದರೆ ಹೆಚ್ಚುವರಿ. ಮುಳಶಿಯಲ್ಲಿ ಈ ಎರಡು ಸಾಲೇ ದುಬಾರಿ. ಇದೆಲ್ಲ ಬಸಾಲ್ಟ್ ಸೀಮೆ. ಮೇಲೆ ಮಣ್ಣು, ಅದರ ಕೆಳಗೆ ಮುರುಮು (ಕಲ್ಲು ಪುಡಿಯಾದ ಗರಸು), ಅದರ ಕೆಳಗೆ ಕರಿಕಲ್ಲು. ಇಳಿಜಾರಿನ ಪ್ಲಾಟಿನಲ್ಲಿ ಈ ಮೂರೂ ಪದರ ಒಂದೇ ಆಳದಲ್ಲಿ ಇರುವುದಿಲ್ಲ. ಮೇಲಿನ ಮೂಲೆಯಲ್ಲಿ ಒಂದೂವರೆ ಅಡಿಗೆ ಕಲ್ಲು ತಾಗಿದರೆ, ಕೆಳಗಿನ ಮೂಲೆಯಲ್ಲಿ ಏಳು ಅಡಿವರೆಗೂ ಹರಿದು ಬಂದು ನಿಂತ ಎರೆ ಮಣ್ಣು ಇರಬಹುದು. ಆದ್ದರಿಂದ ದರ ಮಾತಾಡುವ ಮೊದಲೇ ಜೆಸಿಬಿ ಒಂದು ಹೊತ್ತು ಕರೆಸಿ ಮೂರು ಕಡೆ ಗುಂಡಿ ತೋಡಿಸಿ: ಮನೆಯ ಎರಡು ಎದುರುಬದುರು ಮೂಲೆ, ಗ್ಯಾರೇಜಿನ ಲಿಫ್ಟ್ ಬರುವ ಜಾಗ. ಈ ಖರ್ಚು ಚಿಕ್ಕದು, ಇದು ಉಳಿಸುವುದು ದೊಡ್ಡದು.

ನಮ್ಮ ಗೌಂಡಿ ಸಿಂದಗಿ ಕಡೆಯವರು. ಗುಂಡಿಗಳನ್ನು ಇಣುಕಿ ನೋಡಿ ಒಂದೇ ಮಾತಿನಲ್ಲಿ ಹೇಳಿದರು: "ಸಾಹೇಬ್ರ, ಈ ಕಡಿ ಕಲ್ಲ ಹತ್ತೈತಿ, ಆ ಕಡಿ ಎರಿ ಐತ್ರಿ. ಎರಡರ ಮ್ಯಾಲ ಒಂದ ಪಾಯಾ ಕುಂದ್ರಿಸಿದ್ರ ನಡುವಿನ ಗ್ವಾಡಿ ಸೀಳತೈತ್ರಿ." ಎಂಜಿನಿಯರ್ ಹೇಳಿದ್ದೂ ಇದನ್ನೇ. ಅರ್ಧ ಪಾಯ ಕಲ್ಲಿನ ಮೇಲೆ, ಅರ್ಧ ಮಣ್ಣಿನ ಮೇಲೆ ಕುಳಿತರೆ ಮಣ್ಣಿನ ಕಡೆ ಕುಸಿಯುತ್ತದೆ, ಕಲ್ಲಿನ ಕಡೆ ಕುಸಿಯುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ವರ್ಷಕ್ಕೊಮ್ಮೆ ಈ ಎಳೆದಾಟ ನಡೆದೇ ಇರುತ್ತದೆ. ಎಲ್ಲ ಫುಟಿಂಗೂ (ಕಾಲಂನ ಬುಡ) ಮುರುಮು ಅಥವಾ ಕಲ್ಲಿಗೆ ಇಳಿಯಲೇಬೇಕು. ಕೆಳಗಿನ ಕಡೆ ಕಾಲಂ ಉದ್ದವಾಗುತ್ತದೆ, ನಡುವೆ ಕಾಲಂಗಳನ್ನು ಬಿಗಿಯುವ ಒಂದು ಸುತ್ತು ಟೈ ಬೀಮ್ ಹೆಚ್ಚು ಬೇಕಾಗುತ್ತದೆ. ಮೇಲಿನ ಕಡೆ ಕಲ್ಲು ಒಡೆಯುವ ಬ್ರೇಕರ್ ಹಾಕಿದ ಪೋಕ್ಲೇನ್ (ದೊಡ್ಡ ಅಗೆಯುವ ಯಂತ್ರ) ಬರಬೇಕು. ಅದರ ಗಂಟೆಯ ದರ ಜೆಸಿಬಿಗಿಂತ ಬಹಳ ಹೆಚ್ಚು. ಟ್ರೇಲರ್ ಮೇಲೆ ತಂದು ಒಯ್ಯುವ ಬಾಡಿಗೆ, ಕನಿಷ್ಠ ಗಂಟೆಗಳ ಬಿಲ್ಲು ಬೇರೆ. ಅದು ಬಂದ ದಿನವೇ ಮನೆಯ ಪಾಯ, ಗ್ಯಾರೇಜಿನ ಪಾಯ, ಸೆಪ್ಟಿಕ್ ಟ್ಯಾಂಕು, ನೀರಿನ ಟಾಕಿ, ಕೇಬಲ್ ಚರ (ಉದ್ದ ಗುಂಡಿ) ಎಲ್ಲಕ್ಕೂ ಸುಣ್ಣದ ಗುರುತು ಹಾಕಿರಬೇಕು. ಒಂದೊಂದಕ್ಕೂ ಮತ್ತೆ ಕರೆಸಿದರೆ ಟ್ರೇಲರ್ ಬಾಡಿಗೆಯೇ ಕಲ್ಲು ಒಡೆದ ಖರ್ಚನ್ನು ಮೀರುತ್ತದೆ.

ತೆಗೆದ ಎರೆ ಮಣ್ಣನ್ನು ಪ್ಲಿಂಥ್ ಒಳಗೆ ತುಂಬಬಾರದು. ಹೊರಗಿನಿಂದ ಮುರುಮು ತರಬೇಕು. ಇಲ್ಲಿ ಎಲ್ಲ ಮಾರುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಇಳಿಜಾರಿನಲ್ಲಿ ಮನೆಯ ಪ್ಲಿಂಥ್ ಮೇಲಿನ ಕಡೆ 1 ಅಡಿ, ಕೆಳಗಿನ ಕಡೆ 4 ಅಡಿ ಎಂದರೆ ಸರಾಸರಿ ಎರಡೂವರೆ ಅಡಿ. 1,200 ಚದರಡಿಗೆ 3,000 ಘನ ಅಡಿ, ಅಂದರೆ ದಮ್ಮಸ್ಸು ಮಾಡಿದ ಮೇಲೆ 30 ಬ್ರಾಸ್. ಸಡಿಲ ಮುರುಮು ಕೂತಾಗ ಐದರಲ್ಲಿ ಒಂದು ಭಾಗ ಕುಗ್ಗುವುದರಿಂದ ತರಬೇಕಾದ್ದು ಸುಮಾರು 38 ಬ್ರಾಸ್. ಈಗ ಟ್ರ್ಯಾಕ್ಟರ್ ಟ್ರಾಲಿಗೆ ಬನ್ನಿ. ಒಂದು ಟ್ರಾಲಿ ಒಂದು ಬ್ರಾಸ್ ಎಂದು ಹೇಳಿ ಸುರಿದು ಹೋಗುತ್ತಾರೆ. ಟೇಪು ಹಿಡಿದು ಒಳಗಡೆ ಅಳೆಯಿರಿ: 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ ಆಯಿತು. ಹಿಂದಿನ ಫಳಿಯ (ಹಲಗೆಯ) ಹತ್ತಿರ ಮಾಲು ಇಳಿಜಾರಾಗಿ ತುಂಬಿದ್ದರೆ ಇನ್ನೂ ಕಡಿಮೆ. ಮೊದಲ ಟ್ರಾಲಿಯನ್ನೇ ಅಳೆದು ಇದು ಇಷ್ಟು ಎಂದು ಚಾಲಕರ ಎದುರಿಗೇ ಚೀಟಿ ಬರೆದರೆ ಮುಂದಿನ ಲೆಕ್ಕ ಸರಳ. ಜಗಳ ಬೇಡ, ಅಳತೆ ಸಾಕು.

ತುಂಬುವುದೂ ಒಂದೇ ಸಲ ಅಲ್ಲ. ಆರರಿಂದ ಎಂಟು ಇಂಚಿನ ಪದರ, ನೀರು, ದಮ್ಮಸ್ಸು, ಮತ್ತೆ ಪದರ. ಪ್ಲೇಟ್ ಕಾಂಪ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ. ಅದನ್ನು ಉಳಿಸಿ ಬರೀ ನೀರು ಬಿಟ್ಟು ಕೂರಿಸಿದರೆ ಎರಡು ಮಳೆಗಾಲ ಕಳೆದ ಮೇಲೆ ಟೈಲ್ಸ್ ಕೆಳಗೆ ಟೊಳ್ಳು ಸದ್ದು ಬರುತ್ತದೆ.

ಮುರುಮು ಗೌಣ ಖನಿಜ. ಅದಕ್ಕೆ ರಾಯಲ್ಟಿ ಇದೆ. 2021ರಿಂದ ಬ್ರಾಸಿಗೆ 600 ರೂಪಾಯಿ ಆಯಿತು. ಗಾಡಿಯ ಜೊತೆ ಸಾಗಣೆ ಪಾಸು ಇರಬೇಕು, ಅದರ ಪ್ರತಿ ನಿಮ್ಮ ಫೈಲಿನಲ್ಲಿ ಇರಬೇಕು. ಪಾಸಿಲ್ಲದ ಮಾಲು ಅಗ್ಗಕ್ಕೆ ಸಿಗುತ್ತದೆ. ಆದರೆ ತಲಾಠಿ (ಗ್ರಾಮದ ಕಂದಾಯ ಅಧಿಕಾರಿ) ಪಂಚನಾಮೆ ಮಾಡಿದರೆ ಅದೇ ಮಹಸೂಲ್ ಸಂಹಿತೆಯ 48(7) ಕಲಮಿನಡಿ ಬಾಜಾರು ಬೆಲೆಯ ಐದು ಪಟ್ಟಿನವರೆಗೆ ದಂಡ ಬೀಳಬಹುದು, ಮಾಲು ನಿಮ್ಮ ಜಾಗದಲ್ಲೇ ಬಿದ್ದಿರುತ್ತದೆ. ಪಾಯಕ್ಕೆಂದು ಅಗೆದ ಮಣ್ಣನ್ನು ಅದೇ ಪ್ಲಾಟಿನಲ್ಲಿ ಬಳಸುವುದು ಬೇರೆ ವಿಷಯ. ಪುಣೆಯ ಬಿಲ್ಡರುಗಳ ಸಂಘ ಹೂಡಿದ್ದ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮಣ್ಣು ಯಾವುದಕ್ಕೆ ಬಳಕೆಯಾಯಿತು ಎಂಬುದನ್ನು ನೋಡದೆ ರಾಯಲ್ಟಿ, ದಂಡ ಹಾಕುವಂತಿಲ್ಲ ಎಂದು ಹೇಳಿದೆ. ಅಗೆದ ಮಣ್ಣನ್ನು ಹೊರಗೆ ಮಾರದೆ ಪ್ಲಾಟಿನಲ್ಲೇ ಇಟ್ಟ ಫೋಟೋ ತೆಗೆದಿಟ್ಟುಕೊಳ್ಳಿ.

ಗ್ಯಾರೇಜನ್ನು ರಸ್ತೆಯ ಕಡೆ, ಕೆಳಗಿನ ಮಟ್ಟದಲ್ಲಿ ಇಡುವುದೇ ಲೇಸು. ಮನೆಯ ಪ್ಲಿಂಥ್ ಮಟ್ಟಕ್ಕೆ ಅದನ್ನೂ ಎತ್ತಿದರೆ ರ್‍ಯಾಂಪ್ ಉದ್ದವಾಗುತ್ತದೆ. ರಸ್ತೆಗಿಂತ ಒಂದೂವರೆ ಅಡಿ ಎತ್ತರಕ್ಕೆ 1:8 ಇಳಿಜಾರಿನಲ್ಲಿ 12 ಅಡಿ ರ್‍ಯಾಂಪ್ ಬೇಕು. ತಗ್ಗಿನ ಕಾರಿದ್ದರೆ 1:10 ಹಿಡಿದು 15 ಅಡಿ. ಇನ್ನೊಂದು ಕಡೆ, ಗುಡ್ಡ ಕೊರೆದು ಜಾಗ ಮಾಡಿದರೆ ಹಿಂದೆ ತಡೆಗೋಡೆ ಕಟ್ಟಬೇಕು. ಡಬರ್ ಎಂಬ ಒರಟು ಕಲ್ಲಿನ ತಡೆಗೋಡೆಯ ಬುಡದ ಅಗಲ ಎತ್ತರದ ಸುಮಾರು ಅರ್ಧ ಇರಬೇಕಾದ್ದರಿಂದ ಎತ್ತರ ಎರಡು ಪಟ್ಟಾದರೆ ಕಲ್ಲು ನಾಲ್ಕು ಪಟ್ಟು ಬೇಕು. ಆರು ಅಡಿಯ ಒಂದು ಗೋಡೆಯ ಬದಲು ಮೂರು ಅಡಿಯ ಎರಡು ಮೆಟ್ಟಿಲು ಮಾಡಿದರೆ ಕಲ್ಲು ಅರ್ಧಕ್ಕಿಳಿಯುತ್ತದೆ. ಆದರೆ ಮೇಲಿನ ಗೋಡೆಯ ಭಾರ ಕೆಳಗಿನದರ ಮೇಲೆ ಬೀಳದಷ್ಟು ಹಿಂದೆ ಸರಿಸಿ ಕಟ್ಟಬೇಕು. ನೀರು ಹೋಗುವ ತೂತು, ಅದರ ಹಿಂದೆ ಖಡಿ ತುಂಬಿದ ಪದರ ಇಲ್ಲದಿದ್ದರೆ ಜುಲೈ ತಿಂಗಳ ನೀರೇ ಗೋಡೆಯನ್ನು ತಳ್ಳುತ್ತದೆ.

ವರ್ಕ್‌ಶಾಪಿನ ನೆಲ ಮತ್ತು ಎತ್ತರ

ಗುತ್ತಿಗೆದಾರರು ಗ್ಯಾರೇಜನ್ನು ಪಾರ್ಕಿಂಗ್ ಎಂದುಕೊಂಡು ಚದರಡಿಗೆ ಅರ್ಧ ದರ ಹೇಳುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು 4 ಇಂಚು ಕಾಂಕ್ರೀಟು, ಮೇಲೆ ಪಾರ್ಕಿಂಗ್ ಟೈಲ್ಸ್. ಎರಡು ಕಂಬದ ಲಿಫ್ಟಿಗೆ ಅದು ಸಾಲದು. ಎರಡು ಟನ್ನಿನ ಗಾಡಿ ಮೇಲೆ ಹೋದಾಗ ಕಂಬಗಳು ಒಳಕ್ಕೆ ವಾಲಲು ನೋಡುತ್ತವೆ, ಆ ಎಳೆತವನ್ನು ತಡೆಯುವುದು ನೆಲದಲ್ಲಿ ಹೂತ ಆಂಕರ್ ಬೋಲ್ಟುಗಳು ಮಾತ್ರ. ನಾಲ್ಕು ಇಂಚಿನ ನೆಲದಲ್ಲಿ ನಾಲ್ಕೂವರೆ ಇಂಚಿನ ಬೋಲ್ಟು ಕೂರುವ ಮಾತೇ ಇಲ್ಲ. ಲಿಫ್ಟ್ ಕೊಳ್ಳುವ ಮೊದಲೇ ಅದರ ಫೌಂಡೇಶನ್ ಡ್ರಾಯಿಂಗ್ ತರಿಸಿ ಎಂಜಿನಿಯರ್ ಕೈಗೆ ಕೊಡಿ. ನಾವು ಹಾಕಿಸಿದ್ದು ಲಿಫ್ಟಿನ 4 ಮೀಟರಿಗೆ 3 ಮೀಟರ್ ಜಾಗದಲ್ಲಿ 200 ಮಿ.ಮೀ. ದಪ್ಪ, ಮಿಕ್ಕ ಕಡೆ 150 ಮಿ.ಮೀ., ಎಲ್ಲವೂ ಎಂ25 ದರ್ಜೆಯ ಕಾಂಕ್ರೀಟು, ಲಿಫ್ಟಿನ ಕೆಳಗೆ 10 ಮಿ.ಮೀ. ಸರಳಿನ ಜಾಲಿ. 600 ಚದರಡಿಯಲ್ಲಿ ದಪ್ಪವನ್ನು 100ರಿಂದ 150 ಮಿ.ಮೀ.ಗೆ ಏರಿಸಿದರೆ ಹೆಚ್ಚಾಗುವ ಕಾಂಕ್ರೀಟು ಸುಮಾರು 2.8 ಘನ ಮೀಟರ್, ಅಂದರೆ ಒಂದು ಬ್ರಾಸ್. ಕಟ್ಟುವಾಗ ಇದು ದೊಡ್ಡ ಮೊತ್ತವೇ ಅಲ್ಲ. ಆಮೇಲೆ ಒಡೆದು ಹಾಕುವುದು ದೊಡ್ಡ ಮೊತ್ತ.

ಪದರಗಳ ಕ್ರಮ ಹೀಗೆ: ಕೂತ ಮುರುಮು, ಅದರ ಮೇಲೆ 9 ಇಂಚು ಡಬರ್ ಸೋಲಿಂಗ್ (ಕಲ್ಲಿನ ಹಾಸು), ಸಂದಿಗೆ ಸಣ್ಣ ಖಡಿ, 4 ಇಂಚು ಪಿಸಿಸಿ (ಸರಳಿಲ್ಲದ ಕಾಂಕ್ರೀಟು), 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಆಮೇಲೆ ಎಂ25. ಗುತ್ತಿಗೆದಾರರು ಮೊದಲು ಬಿಡಿಸಲು ನೋಡುವುದು ಆ ಪ್ಲಾಸ್ಟಿಕ್ ಹಾಳೆಯನ್ನು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ನೆಲದಡಿಯ ತೇವ ಮೇಲೇರಿ ಎಪಾಕ್ಸಿ ಬಣ್ಣವನ್ನು ಪೊರೆ ಪೊರೆಯಾಗಿ ಎಬ್ಬಿಸುತ್ತದೆ, ಲೇಥಿನ ಬೆಡ್ಡಿಗೆ ತುಕ್ಕು ಹಿಡಿಸುತ್ತದೆ. ಬಣ್ಣ ಹಾಕುವ ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಬಣ್ಣದವರನ್ನು ವಾಪಸು ಕಳಿಸಿ.

ಹಸಿ ಕಾಂಕ್ರೀಟಿನ ನೀರನ್ನು ಪಂಪಿನಿಂದ ಹೀರಿ ಗಟ್ಟಿ ಮಾಡುವ ಟ್ರೆಮಿಕ್ಸ್ ಫ್ಲೋರಿಂಗ್ ಚೆನ್ನ. ಆದರೆ ಆ ತಂಡಗಳು ಸಣ್ಣ ಜಾಗಕ್ಕೂ ಕನಿಷ್ಠ ಬಿಲ್ಲು ಹಾಕುತ್ತವೆ. ಇಷ್ಟು ಚಿಕ್ಕ ಗ್ಯಾರೇಜಿಗೆ ದುಬಾರಿ ಬೀಳುತ್ತದೆ. ಹಸಿ ಇರುವಾಗಲೇ ಫ್ಲೋರ್ ಹಾರ್ಡನರ್ ಪುಡಿ ಚೆಲ್ಲಿ ಪವರ್ ಟ್ರೋವೆಲ್ ಹೊಡೆಸಿದರೆ ಕೆಲಸ ಆಗುತ್ತದೆ. ಚದರ ಮೀಟರಿಗೆ 4 ಕೆ.ಜಿ. ಹಿಡಿದರೂ ಸುಮಾರು 225 ಕೆ.ಜಿ. ಪುಡಿ ಬೇಕು. ನಾಲ್ಕು ಮೀಟರಿಗೊಂದರಂತೆ ಜಾಯಿಂಟ್ ಕಟಿಂಗ್ ಮರುದಿನವೇ ಆಗಬೇಕು. ತಡವಾದರೆ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಬಿರುಕು ಬಿಡುತ್ತದೆ. ಶಟರಿನ ಕಡೆಗೆ 1:100 ಇಳಿಜಾರು ಕೊಡಿ, ಆದರೆ ಲಿಫ್ಟಿನ ಜಾಗ ಮಾತ್ರ ಸಪಾಟಾಗಿರಲಿ. ಲಿಫ್ಟ್ ಬೋಲ್ಟು ಹಾಕುವುದು 28 ದಿನ ಕಳೆದ ಮೇಲೆಯೇ.

ರೆಡಿಮಿಕ್ಸ್ ತರಿಸಿದರೆ ಎಲ್ಲ ಸುಲಭ ಅಲ್ಲವೇ ಎಂದು ಕೇಳುತ್ತಾರೆ. ಆರು ಘನ ಮೀಟರ್ ತುಂಬಿದ ಟ್ರಾನ್ಸಿಟ್ ಮಿಕ್ಸರ್ ತೂಕ 25 ಟನ್ನಿನ ಆಸುಪಾಸು. ಹಳ್ಳಿ ದಾರಿಯ ಹಳೇ ಮೋರಿ ಅಷ್ಟು ತಡೆಯುತ್ತದೆಯೇ, ತಿರುವಿನಲ್ಲಿ ಗಾಡಿ ತಿರುಗುತ್ತದೆಯೇ ಎಂಬುದನ್ನು ಪ್ಲಾಂಟಿನವರೇ ಬಂದು ನೋಡಿ ಹೇಳಬೇಕು. ತುಂಬಿದ ಎರಡು ಗಂಟೆಯೊಳಗೆ ಮಾಲು ಸುರಿದಿರಬೇಕು; ಚಾಂದಣಿ ಚೌಕದ ಕಡೆ ಟ್ರಾಫಿಕ್ಕಿನಲ್ಲಿ ಸಿಕ್ಕ ಗಾಡಿಗೆ ದಾರಿಯಲ್ಲಿ ನೀರು ಬೆರೆಸಿಕೊಂಡು ಬಂದರೆ ಎಂ25 ಎಂಬುದು ಕಾಗದದ ಮೇಲಷ್ಟೇ. ಗಾಡಿ ಬರದ ಕಡೆ ಮಿಕ್ಸರ್ ಇಟ್ಟು ಸೈಟಿನಲ್ಲೇ ಕಲಸಬೇಕು, ಒಂದು ಬಿಟ್ಟು ಒಂದು ಚೌಕ ಸುರಿಯಬೇಕು. ಕೂಲಿ ಹೆಚ್ಚು, ಆದರೆ ಹತೋಟಿ ನಿಮ್ಮ ಕೈಯಲ್ಲಿ. 50 ಕೆ.ಜಿ. ಚೀಲಕ್ಕೆ 25 ಲೀಟರ್ ಮೀರಿ ನೀರು ಹಾಕಲು ಬಿಡಬೇಡಿ.

ಎತ್ತರದ ಲೆಕ್ಕ ಲಿಫ್ಟಿನಿಂದಲೇ ಶುರು ಮಾಡಿ. ಎಸ್‌ಯುವಿ ಎತ್ತರ 1.85 ಮೀಟರ್, ಎತ್ತುವುದು 1.8 ಮೀಟರ್, ಒಟ್ಟು 3.65. ಬೀಮಿನ ಕೆಳಗೆ ಸುಮಾರು 4 ಮೀಟರ್ ಖಾಲಿ ಬೇಕು. ಮನೆಗೆ ಸಾಧಾರಣ 3 ಮೀಟರ್ ಇರುತ್ತದೆ. ಗ್ಯಾರೇಜಿನ ಸುತ್ತಳತೆ 100 ಅಡಿ. ಒಂದೊಂದು ಅಡಿ ಎತ್ತರಕ್ಕೂ 100 ಚದರಡಿ ಗೋಡೆ, ಎರಡೂ ಬದಿ ಸೇರಿ 200 ಚದರಡಿ ಗಿಲಾಯಿ (ಪ್ಲಾಸ್ಟರ್) ಏರುತ್ತದೆ. ಆ ಎತ್ತರದ 6 ಇಂಚಿನ ಬ್ಲಾಕ್ ಗೋಡೆಗೆ ನಡುವೆ ಕಾಂಕ್ರೀಟ್ ಪಟ್ಟಿ ಬೇಕೇ ಬೇಕು. ರೋಲಿಂಗ್ ಶಟರ್ ಸುತ್ತಿಕೊಳ್ಳಲು ಬಾಗಿಲಿನ ಮೇಲೆ ಒಂದೂವರೆ ಅಡಿ ಜಾಗ ಬೇಕು, ಅದನ್ನು ಬಿಡದೆ ಬೀಮ್ ಹಾಕಿದರೆ ಶಟರ್ ಹೊರಗೆ ಬರುತ್ತದೆ, ಮಳೆಗೆ ಸಿಕ್ಕುತ್ತದೆ.

ಮೇಲೆ ಪತ್ರಾ (ತಗಡು) ಹಾಕುವುದು ಅಗ್ಗ. ಆದರೆ 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡ ಕರಾವಳಿಗೆ ಬಡಿದು ಘಟ್ಟ ಹತ್ತಿದಾಗ ಪುಣೆ ಜಿಲ್ಲೆಯಲ್ಲೂ ಪತ್ರಾಗಳು ಹಾರಿದವು. ಗಾಳಿ ಪತ್ರಾವನ್ನು ಒತ್ತುವುದಕ್ಕಿಂತ ಎಬ್ಬಿಸುವುದೇ ಹೆಚ್ಚು, ಅದೂ ಅಂಚಿನಲ್ಲಿ ಮತ್ತು ಮೂಲೆಯಲ್ಲಿ. ಅಲ್ಲಿ ಪತ್ರಾದ ಪ್ರತಿ ಉಬ್ಬುಗೆರೆಗೂ ರಬ್ಬರ್ ವಾಷರಿನ ಸ್ಕ್ರೂ ಹಾಕಿಸಿ. ಗೋಡೆಯಾಚೆ ಚಾಚಿದ ಪತ್ರಾ ಎರಡು ಅಡಿ ಮೀರದಿರಲಿ. ಒಳಗಡೆ ಇನ್ಸುಲೇಶನ್ ಹಾಸು ಹಾಕದಿದ್ದರೆ ಮಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ, ಚಳಿಗಾಲದ ಬೆಳಗಿನಲ್ಲಿ ಪತ್ರಾದ ಒಳಬದಿಯ ಹನಿ ಮಷೀನಿನ ಮೇಲೆ ತೊಟ್ಟಿಕ್ಕುತ್ತದೆ.

ಕಂಬ ಹತ್ತಿರ, ಕರೆಂಟು ದೂರ

ಪ್ಲಾಟಿನ ಪಕ್ಕದಲ್ಲೇ ಕಂಬ ಇದೆ ಎಂಬ ಮಾತು ನಂಬಿ ಜಾಗ ಕೊಳ್ಳುವವರು ಬಹಳ. ಆ ಕಂಬ ಯಾವ ಫೀಡರಿನದು (ಸರಬರಾಜು ಲೈನಿನದು) ಎಂದು ವಿದ್ಯುತ್ ಕಂಪನಿ ಮಹಾವಿತರಣದ ಆ ಊರಿನ ವಾಯರ್‌ಮನ್‌ರನ್ನು ಕೇಳಿ. ಗಾವಠಾಣ (ಊರಿನ ಮನೆಗಳ) ಫೀಡರ್ ಆದರೆ ದಿನವಿಡೀ ಸರಬರಾಜು. ಕೃಷಿ ಫೀಡರ್ ಆದರೆ ಪಂಪಿಗೆಂದು ಪಾಳಿಯ ಮೇಲೆ ಎಂಟು ಹತ್ತು ತಾಸು ತ್ರೀ ಫೇಸ್, ಅದೂ ಕೆಲವು ವಾರ ರಾತ್ರಿ. ಮನೆಗೆ ಕನೆಕ್ಷನ್ ಬೇಕಾದರೆ ಗಾವಠಾಣ ಲೈನನ್ನೇ ಎಳೆಸಬೇಕು. ಹೊಸ ಕಂಬ, ತಂತಿ, ಕೆಲವು ಕಡೆ ಹೊಸ ಟ್ರಾನ್ಸ್‌ಫಾರ್ಮರ್ ಖರ್ಚು ಬೀಳುತ್ತದೆ. ನಮ್ಮ ಪಟ್ಟಿಯಲ್ಲಿ ಬಜೆಟ್ ಮೀರಿದ್ದರಲ್ಲಿ ಪಾಯದ ನಂತರದ ಸ್ಥಾನ ಇದರದ್ದೇ. ಪಕ್ಕದ ಹೊಲದ ಪಂಪಿನ ಕನೆಕ್ಷನ್ನಿನಿಂದ ತಂತಿ ಎಳೆದು ಕಟ್ಟಡ ಕೆಲಸ ನಡೆಸುವುದು ಹಳ್ಳಿಯಲ್ಲಿ ಸಾಮಾನ್ಯ. ಅದು ವಿದ್ಯುತ್ ಕಾಯ್ದೆ 2003ರ 126ನೇ ಕಲಮಿಗೆ ಬರುತ್ತದೆ, ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಆಗುತ್ತದೆ, ಹೊಡೆತ ಬೀಳುವುದು ಆ ರೈತರ ಮೇಲೆ. ತಾತ್ಪೂರ್ತಾ (ತಾತ್ಕಾಲಿಕ) ಕನೆಕ್ಷನ್ ದರ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ.

ಮೀಟರಿನಿಂದ ಗ್ಯಾರೇಜಿನವರೆಗಿನ ಕೇಬಲ್ಲಿನಲ್ಲಿ ಉಳಿಸಲು ಹೋಗಬೇಡಿ. ಲೆಕ್ಕ ನೋಡಿ: 200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷೀನು ಪೂರ್ತಿ ಹೊರೆಯಲ್ಲಿ ಸಿಂಗಲ್ ಫೇಸಿನಿಂದ 32 ಆಂಪಿಯರಿನಷ್ಟು ಎಳೆಯುತ್ತದೆ ಎನ್ನಿ. 100 ಮೀಟರ್ ದೂರಕ್ಕೆ 6 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ಹಾಕಿದರೆ ಹೋಗಿ ಬರುವ ತಂತಿ ಸೇರಿ ಸುಮಾರು 35 ವೋಲ್ಟ್ ದಾರಿಯಲ್ಲೇ ಹೋಯಿತು. ಹಳ್ಳಿಯ ಲೈನಿನಲ್ಲಿ ಸಂಜೆ ಮೊದಲೇ 200 ವೋಲ್ಟ್ ಇದ್ದರೆ ಮಷೀನಿಗೆ ಸಿಗುವುದು 165, ಆರ್ಕ್ ನಿಲ್ಲುವುದಿಲ್ಲ. 25 ಚದರ ಮಿ.ಮೀ. ಹಾಕಿದರೆ ನಷ್ಟ 9 ವೋಲ್ಟಿಗೆ ಇಳಿಯುತ್ತದೆ. ಅಂಗಡಿಯಲ್ಲಿ 25ರ ಕೇಬಲ್ ಎಂದರೆ ಮೂರೂವರೆ ಕೋರಿನದು ಕೊಡುತ್ತಾರೆ, ಅದರ ನ್ಯೂಟ್ರಲ್ 16 ಮಾತ್ರ. ಸಿಂಗಲ್ ಫೇಸ್ ವೆಲ್ಡಿಂಗ್ ಇರುವ ಕಡೆ ಪೂರ್ತಿ ನಾಲ್ಕು ಕೋರಿನ ಆರ್ಮರ್ಡ್ ಕೇಬಲ್ಲೇ ಬೇಕು. ಹೂಳುವ ಆಳ ಎರಡೂವರೆ ಅಡಿ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ. ಮನೆ ಪೂರ್ತಿ ಆಗುವವರೆಗೆ ಕೇಬಲ್ ತಂದು ಸೈಟಿನಲ್ಲಿ ಇಡಬೇಡಿ. ಕಳ್ಳರಿಗೆ ಮೊದಲು ಕಾಣುವುದು ಅದೇ.

ಕಲ್ಲಿನ ನೆಲದಲ್ಲಿ ಅರ್ಥಿಂಗ್ ಸಿಗುವುದು ಕಷ್ಟ. ಮನೆಯ ಹಿಂದೆ ಕಲ್ಲಿನಲ್ಲಿ ಗುಂಡಿ ತೋಡಿ ಉಪ್ಪು ಇದ್ದಿಲು ತುಂಬಿದರೆ ಬೇಸಿಗೆಯಲ್ಲಿ ಅದು ಒಣಗಿ ಹೆಸರಿಗಷ್ಟೇ ಉಳಿಯುತ್ತದೆ. ಪಾಯಕ್ಕೆ ಶತ್ರುವಾದ ಎರೆ ಮಣ್ಣು ಇಲ್ಲಿ ಮಿತ್ರ: ಪ್ಲಾಟಿನ ಕೆಳಗಿನ ಮೂಲೆಯಲ್ಲಿ, ತೇವ ನಿಲ್ಲುವ ಕಡೆ ಎರಡು ಮೂರು ಎಲೆಕ್ಟ್ರೋಡ್ ಹೂತು, ಒಂದಕ್ಕೊಂದು ಜೋಡಿಸಿ, ಜಿಐ ಪಟ್ಟಿ ಮೇಲಕ್ಕೆ ತನ್ನಿ. ಅರ್ಥ್ ಮೆಗ್ಗರ್ (ಅರ್ಥಿಂಗ್ ಅಳೆಯುವ ಮೀಟರು) ಹಾಕಿಸಿ 5 ಓಮ್ ಒಳಗೆ ಬಂತೇ ನೋಡಿ, ಅದೂ ಮೇ ತಿಂಗಳಲ್ಲಿ. ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದೆ ವರ್ಕ್‌ಶಾಪ್ ನಡೆಸಬಾರದು.

ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಒಂದು ಮಾತು ತಿಳಿದಿರಲಿ: ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬಿಲ್ಲು ಇಳಿಯುತ್ತದೆ, ಕತ್ತಲೆ ನಿಲ್ಲುವುದಿಲ್ಲ.

ನೀರು, ಕೊಳಚೆ, ಎಣ್ಣೆ

ಬೋರ್‌ವೆಲ್ ಎಲ್ಲಕ್ಕಿಂತ ಮೊದಲು ಹೊಡೆಸಿ. ರಿಗ್ ಲಾರಿ, ಅದರ ಜೊತೆಗಿನ ಕಂಪ್ರೆಸರ್ ಲಾರಿ ಎರಡೂ ಒಳಗೆ ಬಂದು ತಿರುಗಬೇಕು; ಕಂಪೌಂಡ್ ಎದ್ದ ಮೇಲೆ ಜಾಗ ಸಿಗುವುದಿಲ್ಲ. ಅಡಿ ದರ ಆಳ ಹೋದಂತೆ ಏರುತ್ತದೆ, ಕೇಸಿಂಗ್ ಪೈಪಿನ ದರ ಬೇರೆ. ಬಸಾಲ್ಟಿನಲ್ಲಿ ನೀರು ಸಿಗುವುದು ಲಾವಾ ಪದರಗಳ ನಡುವಿನ ಸಂದಿಯಲ್ಲಿ ಮತ್ತು ಬಿರುಕಿನಲ್ಲಿ. ಆದ್ದರಿಂದ ಇನ್ನೂರು ಅಡಿ ಹೆಚ್ಚು ಹೊಡೆದ ಮಾತ್ರಕ್ಕೆ ನೀರು ಬರುತ್ತದೆ ಎಂಬ ನಿಯಮವಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ರಿಗ್ ಬರುವ ಮೊದಲೇ ತೀರ್ಮಾನಿಸಿ, ರಾತ್ರಿ ರಿಗ್ ಸದ್ದಿನ ನಡುವೆ ಅಲ್ಲ. ನೀರು ಸಿಗದಿದ್ದರೆ ಟ್ಯಾಂಕರ್. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಜೋರಾಗಿದ್ದರೆ 14 ದಿನ ಕ್ಯೂರಿಂಗ್ (ನೀರುಣಿಸುವುದು) ಬೇಕು. ಟ್ಯಾಂಕರ್ ನೀರಾದರೆ ಮೊದಲು ಕಡಿಮೆಯಾಗುವುದು ಕ್ಯೂರಿಂಗ್.

ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಸೋಕ್ ಪಿಟ್ ವಿಷಯದಲ್ಲಿ ಗೌಂಡಿಗಳ ಅಂದಾಜು ನಂಬಬೇಡಿ. ಜಾಗದಲ್ಲಿ ಗುಂಡಿ ಮಾಡಿ ಒಂದು ರಾತ್ರಿ ನೀರು ನಿಲ್ಲಿಸಿ, ಮರುದಿನ ಮತ್ತೆ ತುಂಬಿಸಿ ಕೋಲಿಗೆ ಗುರುತು ಹಾಕಿ ಗಡಿಯಾರ ನೋಡಿ. 25 ಮಿ.ಮೀ. ಇಳಿಯಲು 30 ನಿಮಿಷ ಮೀರಿದರೆ ಸೋಕ್ ಪಿಟ್ ಪ್ರಯೋಜನವಿಲ್ಲ. ಉದ್ದದ ಖಡಿ ಚರ ಬೇಕು. 60 ನಿಮಿಷ ಮೀರಿದರೆ ಅದೂ ಸಾಲದು. ಆಗ ಖಡಿ ತುಂಬಿ ಕಾಬಾಳೆ, ಜೊಂಡು ನೆಟ್ಟ ಫಿಲ್ಟರ್ ತೊಟ್ಟಿಯೇ ಗತಿ. ಕರಿಕಲ್ಲಿನಲ್ಲೂ ಎರೆ ಮಣ್ಣಿನಲ್ಲೂ ಈ ಪರೀಕ್ಷೆ ಫೇಲಾಗುವುದೇ ಹೆಚ್ಚು. ಬಾವಿ, ಬೋರ್‌ವೆಲ್‌ನಿಂದ ಸೋಕ್ ಪಿಟ್ ಕನಿಷ್ಠ 18 ಮೀಟರ್ ದೂರ ಇರಬೇಕು. ಬಿರುಕು ಬಿಟ್ಟ ಕಲ್ಲಿನಲ್ಲಿ ಕೊಳೆ ದೂರ ಹರಿಯುವುದರಿಂದ ಎಷ್ಟು ದೂರ ಸರಿಸಿದರೂ ಒಳ್ಳೆಯದೇ.

ಗ್ಯಾರೇಜಿನ ನೆಲ ತೊಳೆದ ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗಲೇಬಾರದು. ಎಣ್ಣೆ ಸೇರಿದರೆ ಅಲ್ಲಿನ ಜೀವಾಣು ಸಾಯುತ್ತವೆ. ಶಟರಿನ ಬಳಿ ಜಾಳಿಗೆ ಹಾಕಿದ ಚರಂಡಿ, ಅದರಿಂದ ಮೂರು ಅಂಕಣದ ಎಣ್ಣೆ ತೊಟ್ಟಿ. ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗಿನ ಎಲ್ಬೋ ಮೂಲಕ ಮುಂದಿನ ಅಂಕಣಕ್ಕೆ ಹೋಗುತ್ತದೆ. ಸುಟ್ಟ ಎಂಜಿನ್ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ಕೂಡಿಟ್ಟು ಪರವಾನಗಿ ಇದ್ದವರಿಗೇ ಕೊಡಬೇಕು. ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೇಳಿಕೊಂಡು ಬರುತ್ತಾರೆ, ಕೊಡಬೇಡಿ. ಅದು ಮಣ್ಣಿಗೂ ಬೋರ್‌ವೆಲ್ಲಿಗೂ ಇಳಿಯುತ್ತದೆ.

ಮಳೆ, ಆಳು, ಬೇಲಿ

ಪುಣೆಯ ಕಟ್ಟಡ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಬಹಳ. ಮಾತು ಸಲೀಸು, ಅದು ದೊಡ್ಡ ಅನುಕೂಲ. ಆದರೆ ಮುಂಗಾರು ಬಿತ್ತನೆಗೆ ಅವರು ಊರಿಗೆ ಹೋಗುತ್ತಾರೆ, ಹೋಗಲೇಬೇಕು. ಪೌಡ್‌ನಿಂದ ಪಶ್ಚಿಮಕ್ಕೆ ಹೋದಂತೆ ಮಳೆಯೂ ಏರುತ್ತದೆ, ಮಣ್ಣಿನ ದಾರಿಯಲ್ಲಿ ಲಾರಿ ಹೂತುಕೊಳ್ಳುತ್ತದೆ. ಈ ಎರಡೂ ಸೇರಿ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೊರಗಿನ ಕೆಲಸ ನಿಂತಂತೆಯೇ. ಬ್ಯಾಂಕಿನ ಬಡ್ಡಿ, ನೀವು ಈಗಿರುವ ಮನೆಯ ಬಾಡಿಗೆ, ಕಾವಲುಗಾರರ ಪಗಾರ ಮಾತ್ರ ನಿಲ್ಲುವುದಿಲ್ಲ. ದಸರೆಗೆ ಪಾಯ ತೆಗೆದರೆ ಮೇ ಒಳಗೆ ಸ್ಲ್ಯಾಬು, ಪತ್ರಾ, ಹೊರ ಗಿಲಾಯಿ ಮುಗಿಯುವಂತೆ ಹೊಂದಿಸಬಹುದು. ಮಳೆಗಾಲಕ್ಕೆ ಒಳಗಿನ ವಾಯರಿಂಗು, ಟೈಲ್ಸ್ ಉಳಿಯಲಿ. ಉಳಿದ ಸಿಮೆಂಟು ಕೂಡಿಡಬೇಡಿ. ತೇವದಲ್ಲಿ ಮೂರು ತಿಂಗಳು ಕಳೆದ ಚೀಲದ ಕಸುವು ಗಣನೀಯವಾಗಿ ಇಳಿದಿರುತ್ತದೆ.

ಬೇಲಿಯನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. 100 ಅಡಿಗೆ 120 ಅಡಿ ಪ್ಲಾಟಿನ ಸುತ್ತ 440 ಅಡಿ. ಎಂಟು ಅಡಿಗೊಂದರಂತೆ 55 ಕಂಬ. ಕಲ್ಲು ಮೇಲೆ ಬಂದ ಕಡೆ ಪ್ರತಿ ಗುಂಡಿಗೂ ಬ್ರೇಕರ್. ಗೇಟು 14 ಅಡಿಗಿಂತ ಕಿರಿದಾಗಬಾರದು. ಲೇಥು ಇಳಿಸಲು ಬರುವ ಹೈಡ್ರಾ ಕ್ರೇನ್ ಒಳಗೆ ಬಂದು ತಿರುಗಬೇಕು. ಮಂಗಳೂರು ಹೆಂಚು ಹಾಕಿಸುವ ಆಸೆಯಿದ್ದವರು ಆ ಊರಿನಲ್ಲಿ ಮಂಗಗಳ ಕಾಟ ಹೇಗಿದೆ ಕೇಳಿ. ಇದ್ದರೆ ವರ್ಷವರ್ಷ ಹೆಂಚು ಬದಲಿಸುವ ಖರ್ಚು ತಪ್ಪದು.

ಗುತ್ತಿಗೆಯ ಕೊನೆಯ 5% ಹಣವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಮೊದಲೇ ಬರೆಸಿಕೊಳ್ಳಿ. ಮೊದಲ ಜೋರು ಮಳೆಯ ಮರುದಿನ ಹೋಗಿ ನೋಡಬೇಕಾದ್ದು ಇವು: ಪಶ್ಚಿಮದ ಗೋಡೆಯ ಒಳಬದಿ, ಕಿಟಕಿಯ ಕೆಳ ಅಂಚು, ತಡೆಗೋಡೆಯ ತೂತುಗಳಿಂದ ನೀರು ಬರುತ್ತಿದೆಯೇ, ಗ್ಯಾರೇಜಿನ ಚರಂಡಿ ಕಟ್ಟಿದೆಯೇ, ಪತ್ರಾದ ಸ್ಕ್ರೂಗಳ ಸುತ್ತ ಒಳಗಡೆ ಕಲೆ ಇದೆಯೇ, ಪ್ಲಿಂಥಿನ ಹೊರಗೆ ತುಂಬಿದ ಮಣ್ಣು ಎಲ್ಲಿ ಕುಸಿದಿದೆ. ಒಂದೊಂದರ ಫೋಟೋ ತೆಗೆದು ದಿನಾಂಕ ಸಮೇತ ಗುತ್ತಿಗೆದಾರರಿಗೆ ಅಂದೇ ಕಳಿಸಿ.